ಮಕ್ಕಳಿಗೆ ರಾಜಕೀಯ ಬೇಡವೆಂದ ನಾವು

'ನಮ್ಮ ಹುಡುಗನಿಗೆ ರಾಜಕೀಯ ಗೀಜಕೀಯ ಏನೂ ಗೊತ್ತಿಲ್ಲ, ತಾನಾಯಿತು ತನ್ನ ಓದಾಯಿತು.' ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಹೆಮ್ಮೆಯಿಂದ ಬರುತ್ತದೆ. ಕೇಳಿದವರು ತಲೆದೂಗುತ್ತಾರೆ. ಮಗನಿಗೆ ಬ್ಯಾಂಕಿನಲ್ಲಿ ಒಂದು ಚಲನ್ ತುಂಬಲು ಬರುವುದಿಲ್ಲ ಎಂದು ಯಾವ ತಂದೆಯೂ ನಾಲ್ಕು ಜನರೆದುರು ಹೇಳಿಕೊಳ್ಳುವುದಿಲ್ಲ. ಹೇಳಬೇಕಾಗಿ ಬಂದರೆ ನಾಚುತ್ತಾನೆ. ತನ್ನನ್ನು ಆಳುವವರು ಯಾರು, ಅವರಿಗೆ ಆ ಅಧಿಕಾರ ಎಲ್ಲಿಂದ ಬಂತು, ಅದನ್ನು ಯಾರು ಯಾವಾಗ ಕಿತ್ತುಕೊಳ್ಳಬಹುದು ಎಂಬುದು ಗೊತ್ತಿಲ್ಲದಿರುವುದು ಮಾತ್ರ ನಮ್ಮ ಕಣ್ಣಿಗೆ ಸದ್ಗುಣ. ಒಂದೆರಡು ವರ್ಷದಲ್ಲಿ ಅದೇ ಹುಡುಗನ ಬೆರಳಿಗೆ ಶಾಯಿ ಹಚ್ಚುತ್ತಾರೆ. ಆ ದಿನ ಅವನ ಸೆಲ್ಫಿಯನ್ನು ಸ್ಟೇಟಸ್‌ಗೆ ಹಾಕಿಕೊಳ್ಳುವವರೂ ನಾವೇ.

1989ರ ಮಾರ್ಚ್ 28ರಿಂದ ಈ ದೇಶದಲ್ಲಿ 18 ತುಂಬಿದವರಿಗೆಲ್ಲ ಮತದ ಹಕ್ಕಿದೆ. ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ ಮೂರು ವರ್ಷ ಕೆಳಗಿಳಿಸಿತು. ಸಂಸತ್ತು ಮಕ್ಕಳ ಮೇಲೆ ಅಷ್ಟು ವಿಶ್ವಾಸ ಇಟ್ಟಿತು. ಆ ವಿಶ್ವಾಸಕ್ಕೆ ತಕ್ಕಂತೆ ಅವರನ್ನು ತಯಾರು ಮಾಡುವ ಹೊಣೆ ಮನೆಯದು, ಕಾಲೇಜಿನದು, ಊರಿನದು. ನಾವೇನು ಮಾಡಿದೆವು? ಹೆಚ್ಚುಕಡಿಮೆ ಅದೇ ಕಾಲಕ್ಕೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳಿಗೆ ಬೀಗ ಬಿತ್ತು. ಹೊಡೆದಾಟ, ಜಾತಿ, ಪಕ್ಷಗಳ ಹಣ ಎಂದು ಕಾರಣ ಕೊಟ್ಟೆವು. ಕಾರಣ ಸುಳ್ಳಾಗಿರಲಿಲ್ಲ. ಆದರೆ ವಿಧಾನಸಭೆಯ ಚುನಾವಣೆಯಲ್ಲೂ ಹೊಡೆದಾಟವಿದೆ, ಜಾತಿಯಿದೆ, ಹಣವಂತೂ ಹೊಳೆಯಾಗಿ ಹರಿಯುತ್ತದೆ, ಅದನ್ನೇನು ನಿಲ್ಲಿಸಿದೆವೆ? ಮಕ್ಕಳ ಚುನಾವಣೆಯನ್ನು ತಿದ್ದುವ ಶ್ರಮ ನಮಗೆ ಬೇಡವಾಯಿತು. ಈಗ ಹೆಚ್ಚಿನ ಕಡೆ ಹೆಚ್ಚು ಅಂಕ ತೆಗೆದವನೇ ಕ್ಲಾಸ್ ರೆಪ್ರೆಸೆಂಟೆಟಿವ್. ಸ್ಪರ್ಧೆ ಇಲ್ಲ, ಭಾಷಣ ಇಲ್ಲ, ಸೋಲೂ ಇಲ್ಲ. ವರ್ಷಕ್ಕೊಮ್ಮೆ, ಜನವರಿ 25ರ ಮತದಾರರ ದಿನದಂದು, ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಪ್ರತಿಜ್ಞಾವಿಧಿ ಓದಿಸುತ್ತೇವೆ. ಮೈಕ್ ಹಿಡಿದವರು ಒಂದು ಸಾಲು ಹೇಳುತ್ತಾರೆ, ಮಕ್ಕಳು ಕೈ ಮುಂದೆ ಚಾಚಿ ಗುನುಗುತ್ತಾರೆ, ಫೋಟೊ ಇಲಾಖೆಗೆ ಹೋಗುತ್ತದೆ. 17 ತುಂಬಿದವರು ಮತದಾರರ ಪಟ್ಟಿಗೆ ಮುಂಚಿತವಾಗಿಯೇ ಅರ್ಜಿ ಹಾಕಬಹುದು ಎಂಬ ನಿಯಮ 2022ರಿಂದ ಇದೆ. ಆ ಸಾಲಿನಲ್ಲಿ ನಿಂತ ಎಷ್ಟು ಮಕ್ಕಳಿಗೆ ಅದನ್ನು ಯಾರಾದರೂ ಹೇಳಿದ್ದಾರೆ? 2024ರ ಲೋಕಸಭಾ ಚುನಾವಣೆಗೆ ದೇಶದಲ್ಲಿ ಹೆಸರು ನೋಂದಾಯಿಸಿದ್ದ 18-19ರ ಹರೆಯದವರು ಸುಮಾರು 1.8 ಕೋಟಿ. ಆ ವಯಸ್ಸಿನವರ ಅಂದಾಜು ಸಂಖ್ಯೆಗೆ ಹೋಲಿಸಿದರೆ ಇದು ಶೇ 40ನ್ನೂ ಮುಟ್ಟುವುದಿಲ್ಲ.

ರಾಜ್ಯಶಾಸ್ತ್ರ ಎಂಬ ವಿಷಯ ಪಿಯುಸಿಯಲ್ಲಿ ಇದೆಯಲ್ಲ ಎನ್ನುವವರು ಒಮ್ಮೆ ಪರೀಕ್ಷೆಗೆ ಎರಡು ತಿಂಗಳಿರುವಾಗ ಆ ತರಗತಿಯಲ್ಲಿ ಕೂತು ಬರಬೇಕು. ಪಠ್ಯಪುಸ್ತಕ ಮೇಜಿನ ಮೇಲಿರುವುದಿಲ್ಲ. ಇರುವುದು ಜೆರಾಕ್ಸ್ ಮಾಡಿಸಿದ, ಮೂಲೆಗೆ ಪಿನ್ ಹೊಡೆದ 'ಪಾಸಿಂಗ್ ಪ್ಯಾಕೇಜ್'. ಒಂದು ಅಂಕಕ್ಕಿಷ್ಟು, ಎರಡು ಅಂಕಕ್ಕಿಷ್ಟು, ಐದು ಅಂಕಕ್ಕಿಷ್ಟು. ಸಾರ್ಕ್ ಸ್ಥಾಪನೆ 1985, ಕೇಂದ್ರ ಕಚೇರಿ ಕಠ್ಮಂಡು, ಸದಸ್ಯ ರಾಷ್ಟ್ರಗಳು ಎಂಟು. ಮಗು ಗಿಳಿಯ ಹಾಗೆ ಒಪ್ಪಿಸುತ್ತದೆ. 2014ರಲ್ಲಿ ಅದೇ ಕಠ್ಮಂಡುವಿನಲ್ಲಿ ಸೇರಿದ ನಾಯಕರು ಆಮೇಲೆ ಒಂದೇ ಒಂದು ಶೃಂಗಸಭೆಗೂ ಸೇರಿಲ್ಲ, 2016ರ ಇಸ್ಲಾಮಾಬಾದ್ ಸಭೆ ಉರಿ ದಾಳಿಯ ನಂತರ ಮುರಿದುಬಿತ್ತು, ಸಂಸ್ಥೆ ಇವತ್ತು ಹೆಸರಿಗಷ್ಟೇ ಉಳಿದಿದೆ ಎಂಬುದು ಆ ಹಾಳೆಯಲ್ಲಿಲ್ಲ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರ ಹೆಸರು ಬಾಯಿಪಾಠ. ಒಬ್ಬರು ವಿಟೊ ಹಾಕಿದರೆ ಯಾವ ಯುದ್ಧ ನಿಲ್ಲದೆ ಮುಂದುವರಿಯುತ್ತದೆ ಎಂಬುದು 'ಸಿಲಬಸ್‌ನಲ್ಲಿಲ್ಲ'. ಈಗ ಕಲಾ ವಿಭಾಗದ ವಿಷಯಗಳಿಗೂ 80 ಅಂಕ ಪರೀಕ್ಷೆ, 20 ಅಂಕ ಆಂತರಿಕ. ಆ ಆಂತರಿಕ ಅಂಕಕ್ಕಾಗಿ ಗ್ರಾಮ ಪಂಚಾಯಿತಿಯ ಮೇಲೆ ಪ್ರಾಜೆಕ್ಟ್ ಬರೆಯುವ ಹುಡುಗಿ ಅದನ್ನು ಸೀನಿಯರ್ ಅಕ್ಕನ ಪುಸ್ತಕದಿಂದ ಇಳಿಸಿಕೊಳ್ಳುತ್ತಾಳೆ. ಮುಖಪುಟಕ್ಕೆ ಸ್ಕೆಚ್ ಪೆನ್ನಿನ ಅಂಚು, ಒಳಗೆ ಗಾಂಧೀಜಿಯ ಸ್ಟಿಕರ್. ಅವಳ ಮನೆಯ ಹಿಂದಿನ ಬೀದಿಯಲ್ಲೇ ಇರುವ ಪಂಚಾಯಿತಿ ಕಚೇರಿಯ ಹೊಸಿಲನ್ನು ಅವಳು ದಾಟಿಲ್ಲ, ಪಿಡಿಒ ಯಾರೆಂದು ಕೇಳಿಲ್ಲ, ಗ್ರಾಮಸಭೆ ಎಂದು ನಡೆಯುತ್ತದೆಂದು ಗೊತ್ತಿಲ್ಲ. ಉಪನ್ಯಾಸಕರು ಸಹಿ ಹಾಕುತ್ತಾರೆ. ಅವರಿಗೂ ಗೊತ್ತು, ಅವಳಿಗೂ ಗೊತ್ತು.

ಇಷ್ಟಾದರೂ ಈ ಮಕ್ಕಳು ಪುಣ್ಯವಂತರು, ರಾಜ್ಯಶಾಸ್ತ್ರದ ಹೆಸರಾದರೂ ಅವರ ಕಿವಿಗೆ ಬೀಳುತ್ತದೆ. ಸೈನ್ಸ್ ಹಿಡಿದವರ ಗತಿ ನೋಡಿ. ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನದ ಪರೀಕ್ಷೆ ಬರೆದು ಎದ್ದ ದಿನವೇ ಅವರ ರಾಜಕೀಯ ಶಿಕ್ಷಣಕ್ಕೆ ತಿಥಿ. ಆಗ ವಯಸ್ಸು ಹದಿನಾರು. ಮತ ಹಾಕುವುದು ಹದಿನೆಂಟಕ್ಕೆ. ನಡುವಿನ ಆ ಎರಡು ವರ್ಷ, ಮನುಷ್ಯನಿಗೆ ನ್ಯಾಯ ಅನ್ಯಾಯದ ಪ್ರಶ್ನೆಗಳು ಮೊದಲ ಸಲ ನಿಜವಾಗಿ ಕಾಡುವ ವರ್ಷಗಳು. ಅವನ್ನು ನಾವು ಪೂರ್ತಿಯಾಗಿ ನೀಟ್, ಜೆಇಇ, ಸಿಇಟಿಗೆ ಬರೆದುಕೊಟ್ಟಿದ್ದೇವೆ. ಬೆಳಿಗ್ಗೆ ಐದಕ್ಕೆ ಎಬ್ಬಿಸುವ, ಪತ್ರಿಕೆ ಒಳಗೆ ಬಿಡದ ವಸತಿ ಕಾಲೇಜಿಗೆ ಲಕ್ಷಗಟ್ಟಲೆ ಶುಲ್ಕ ಕಟ್ಟಿ, 'ಡಿಸ್ಟರ್ಬೆನ್ಸ್ ಇಲ್ಲ' ಎಂದು ನೆಂಟರಿಗೆ ಹೇಳಿಕೊಳ್ಳುತ್ತೇವೆ. ಆರ್ಟ್ಸ್ ಎಂಬುದು ಅಂಕ ಕಡಿಮೆ ಬಂದವರ ಜಾಗ, ಎಚ್‌ಇಪಿಎಸ್ ಎಂದರೆ ಏನೂ ಸಿಗದವರ ಕಾಂಬಿನೇಷನ್ ಎಂದು ತೀರ್ಮಾನಿಸಿದವರು ನಾವು. ಆಮೇಲೆ ಕೇಳುತ್ತೇವೆ: ಓದಿದವರು ಯಾಕೆ ರಾಜಕೀಯಕ್ಕೆ ಬರುವುದಿಲ್ಲ? 2024ರಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಪದವೀಧರರು ಕಿಕ್ಕಿರಿದ ಬೆಂಗಳೂರು ದಕ್ಷಿಣ ಶೇ 53ರ ಆಸುಪಾಸಿನಲ್ಲಿ ನಿಂತಿತು. ಕಬ್ಬಿನ ಗದ್ದೆಯಿಂದ ಬಂದು ಸರದಿಯಲ್ಲಿ ನಿಂತವರಿಗೆ ನಾಗರಿಕತೆಯ ಪಾಠ ಹೇಳುವ ಅರ್ಹತೆ ನಮಗೆ ಎಲ್ಲಿಂದ ಬಂತು?

ಈ ನೆಲ ಹೀಗಿರಲಿಲ್ಲ. ಮೈಸೂರಿನಲ್ಲಿ ರಾಮಸ್ವಾಮಿ ವೃತ್ತ ಎಂದೊಂದು ಜಾಗವಿದೆ. ಬಸ್ಸಿನ ಕಂಡಕ್ಟರಿನಿಂದ ಹಿಡಿದು ಟ್ಯೂಷನ್ನಿಗೆ ಓಡುವ ಮಕ್ಕಳವರೆಗೆ ಎಲ್ಲರ ಬಾಯಲ್ಲೂ ಆ ಹೆಸರಿದೆ. 1947ರ ಸೆಪ್ಟೆಂಬರಿನಲ್ಲಿ, ದೇಶ ಸ್ವತಂತ್ರವಾಗಿ ತಿಂಗಳು ತುಂಬುವ ಹೊತ್ತಿಗೆ, ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ನಡೆದ ಚಳವಳಿಯಲ್ಲಿ ಗುಂಡೇಟಿಗೆ ಬಿದ್ದ ವಿದ್ಯಾರ್ಥಿ ಆ ರಾಮಸ್ವಾಮಿ. ಇವತ್ತಿನ ಪಿಯುಸಿ ಮಕ್ಕಳ ವಾರಿಗೆಯವನು. ಜವಾಬ್ದಾರಿ ಸರ್ಕಾರ ಎಂದರೇನು, ಬ್ರಿಟಿಷರು ಹೋದಮೇಲೂ ಅದು ಯಾಕೆ ಬೇಕು ಎಂಬುದು ಅವನಿಗೆ ಗೊತ್ತಿತ್ತು. ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವನಿಗೂ ಆಗಿನ್ನೂ ಮೀಸೆ ಚಿಗುರುವ ವಯಸ್ಸು. ಶಾಂತವೇರಿ ಗೋಪಾಲಗೌಡರು ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾಕ್ಕೆ ಧುಮುಕಿದವರು. 1952ರಲ್ಲಿ, ಮೂವತ್ತು ತುಂಬುವ ಮೊದಲೇ, ಶಾಸಕರಾದರು. ಮಕ್ಕಳನ್ನು ಗುಂಡಿನೆದುರು ನಿಲ್ಲಿಸಿ ಎಂದು ಯಾರೂ ಕೇಳುತ್ತಿಲ್ಲ. ಆ ಹುಡುಗನ ಹೆಸರಿನ ವೃತ್ತದಲ್ಲಿ ದಿನಕ್ಕೆ ಎರಡು ಸಲ ಸಿಗ್ನಲ್‌ಗೆ ಕಾಯುವ ನಮ್ಮ ಮಗಳಿಗೆ ಅವನು ಯಾರೆಂದು ಹೇಳಲು ನಮಗೆ ಎರಡು ನಿಮಿಷ ಸಿಗಲಿಲ್ಲ, ಅಷ್ಟೆ. ಇನ್ನು ನಮ್ಮದೇ ಪ್ರಾಯದ ದಿನಗಳು? ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನ ಜೈಲಿನಲ್ಲಿದ್ದದ್ದು, ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆರೋಗ್ಯ ಕಳೆದುಕೊಂಡು, ಬಿಡುಗಡೆಯಾದ ಬೆನ್ನಿಗೇ ತೀರಿಕೊಂಡದ್ದು, 1980ರಲ್ಲಿ ನರಗುಂದದ ಗೋಲಿಬಾರು, ಗೋಕಾಕ್ ಚಳವಳಿ, 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ: ಇವನ್ನೆಲ್ಲ ರೇಡಿಯೊದ ಪ್ರದೇಶ ಸಮಾಚಾರದಲ್ಲಿ ಕೇಳುತ್ತ, ಹೋಟೆಲಿನಲ್ಲಿ ಅರ್ಧರ್ಧ ಹಂಚಿಕೊಂಡ ಪತ್ರಿಕೆಯಲ್ಲಿ ಓದುತ್ತ ಬೆಳೆದವರು ನಾವು. ನಮಗೆ ಸಿಕ್ಕಿದ್ದನ್ನು ಮಕ್ಕಳಿಗೆ ದಾಟಿಸಲಿಲ್ಲ. ಮನೆಗೆ ಬರುತ್ತಿದ್ದ ಒಂದು ಪತ್ರಿಕೆಯನ್ನೂ 'ಎಲ್ಲ ಮೊಬೈಲಿನಲ್ಲೇ ಬರುತ್ತದೆ' ಎಂದು ನಿಲ್ಲಿಸಿದೆವು.

ಜಗತ್ತಿನ ರಾಜಕೀಯ ನಮಗ್ಯಾಕೆ, ಅದು ದೊಡ್ಡವರ ಆಟ ಎನ್ನುವ ಸಮಾಧಾನ ಇನ್ನೂ ಉಳಿದಿದ್ದರೆ ಅದಕ್ಕೆ ತೆತ್ತ ಬೆಲೆ ಕೇಳಿ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್ ನಗರದಲ್ಲಿ, ಆಹಾರ ಕೊಳ್ಳಲು ಸಾಲಿನಲ್ಲಿ ನಿಂತಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಹಾರ್ಕಿವ್ ರಷ್ಯಾದ ಗಡಿಯಿಂದ ಸುಮಾರು 40 ಕಿಲೋಮೀಟರು. 2014ರಲ್ಲೇ ರಷ್ಯಾ ಕ್ರಿಮಿಯಾವನ್ನು ತನ್ನದಾಗಿಸಿಕೊಂಡಿತ್ತು. ದೊನ್‌ಬಾಸ್‌ನಲ್ಲಿ ಎಂಟು ವರ್ಷದಿಂದ ಯುದ್ಧ ನಡೆದೇ ಇತ್ತು, ಸಾವಿರಾರು ಜನ ಸತ್ತಿದ್ದರು. ಸಾವಿರ ಸಾವಿರ ಭಾರತೀಯ ಮಕ್ಕಳನ್ನು ಅಲ್ಲಿಗೆ ಕಳಿಸಿದ ಕುಟುಂಬಗಳನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಸಾಲ ಮಾಡಿ, ಏಜೆಂಟರನ್ನು ನಂಬಿ ಕಳಿಸಿದರು. ದೂರಬೇಕಾದದ್ದು ಇಡೀ ಊರನ್ನು: ಮಾವಂದಿರನ್ನು, ಮೇಷ್ಟರನ್ನು, ಪತ್ರಿಕೆ ಓದುತ್ತೇವೆಂದು ಬೀಗುವ ನಮ್ಮನ್ನು. ಆ ದೇಶದ ಪೂರ್ವಕ್ಕೆ ಯುದ್ಧವಿದೆ, ಸ್ವಲ್ಪ ಪಶ್ಚಿಮದ ಊರು ನೋಡಿ ಎಂದು ಹೇಳಬಲ್ಲ ಒಬ್ಬ ಮನುಷ್ಯ ಎಷ್ಟು ಮನೆಗಳ ಸುತ್ತ ಇದ್ದ? ಮರುದಿನ ಟಿವಿಯಲ್ಲಿ ಚರ್ಚೆಯಾದದ್ದು ನೀಟ್ ಮತ್ತು ಮೆಡಿಕಲ್ ಸೀಟಿನ ದರ. ಅದೂ ಬೇಕಾದ ಚರ್ಚೆಯೇ. ಆದರೆ ನೇಟೊ ಎಂದರೇನು, ಆ ಯುದ್ಧ ಯಾಕೆ ಹತ್ತಿತು ಎಂದು ಮಾರ್ಚ್ 2ರ ಬೆಳಿಗ್ಗೆ ಯಾವ ಪಿಯು ತರಗತಿಯಲ್ಲಿ ಮಾತಾಯಿತು? ಪರೀಕ್ಷೆ ಹತ್ತಿರವಿತ್ತು, ರಿವಿಷನ್ ನಡೆಯುತ್ತಿತ್ತು.

ಮರುವರ್ಷ ಏಪ್ರಿಲಿನಲ್ಲಿ ಸುಡಾನಿನಲ್ಲಿ ಇಬ್ಬರು ಸೇನಾನಾಯಕರ ಕಾಳಗ ಶುರುವಾದಾಗ ಎಣ್ಣೆ, ಗಿಡಮೂಲಿಕೆ ಮಾರಲು ಹೋದ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಬಿದ್ದರು. ಅನ್ನ ನೀರಿಲ್ಲದೆ ಮನೆಯೊಳಗೆ ಅಡಗಿ ಕೂತರು. ರಾಜ್ಯದಲ್ಲಿ ವಿಧಾನಸಭಾ ಚುನಾವಣೆಯ ಕಾವು. ಸಿದ್ದರಾಮಯ್ಯನವರೂ ವಿದೇಶಾಂಗ ಸಚಿವ ಜೈಶಂಕರ್ ಅವರೂ ಟ್ವಿಟರಿನಲ್ಲಿ ಜಟಾಪಟಿಗಿಳಿದರು, ನಾವು ಅದನ್ನು ನೋಡಿ ರಂಜನೆ ಪಡೆದೆವು. ಸುಡಾನ್ ನಕ್ಷೆಯಲ್ಲಿ ಎಲ್ಲಿದೆ ಎಂದು ತೋರಿಸಲು ಒಂದು ಕಾಲೇಜೂ ಗೋಡೆಯ ಮೇಲಿನ ಭೂಪಟದ ಧೂಳು ಒರೆಸಲಿಲ್ಲ ಎಂದರೆ ಹೆಚ್ಚು ಹೇಳಿದಂತಾಗದು. ಸೆಕ್ಯುರಿಟಿ ಕೆಲಸವೆಂಬ ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು 2024ರಲ್ಲಿ ಯುದ್ಧಭೂಮಿಯಲ್ಲಿ ನಿಂತಿದ್ದರು. ಓದು ಬರಹ ಬಲ್ಲವರು, ಸ್ಮಾರ್ಟ್‌ಫೋನ್ ಇಟ್ಟುಕೊಂಡವರು. ಯುದ್ಧದಲ್ಲಿರುವ ದೇಶ ಹೊರಗಿನವರನ್ನು ಯಾಕೆ ಕರೆಸಿಕೊಳ್ಳುತ್ತಿದೆ ಎಂಬ ಒಂದು ಪ್ರಶ್ನೆಯನ್ನು ಕೇಳಲು ನಾವು ಅವರಿಗೆ ಕಲಿಸಲಿಲ್ಲ. ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿದಾಗ ಕಿರಾಣಿ ಅಂಗಡಿಯವನನ್ನು ಬೈದೆವು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಟ್ರಂಪ್ ಸಹಿ ಹಾಕಿದಾಗ ಮಾತ್ರ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಜಾಗತಿಕ ರಾಜಕೀಯದ ಬಗ್ಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು.

ದೇಶದ ರಾಜಕೀಯಕ್ಕೆ ಬಂದರೆ ಲಜ್ಜೆ ಇನ್ನೂ ಹೆಚ್ಚಬೇಕು, ಏಕೆಂದರೆ ಅದರ ಅರ್ಧ ಪಾಠ ನಮ್ಮ ಮನೆಯಂಗಳದ್ದು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸಲಾಗದು ಎಂಬ 1973ರ ತೀರ್ಪು ಬಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಅರ್ಜಿಯ ಮೇಲೆ. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು, ರಾಜ್ಯಪಾಲರ ಮನಸ್ಸಿನಲ್ಲಲ್ಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಹೇಳಿದ್ದು ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ, 1989ರಲ್ಲಿ ವಜಾ ಆದದ್ದು ಈ ರಾಜ್ಯದ ಸರ್ಕಾರ. 2019ರ ಜುಲೈನಲ್ಲಿ ಶಾಸಕರು ಮುಂಬೈ ಹೋಟೆಲಿನಲ್ಲಿ ಕೂತಿದ್ದದ್ದು, 23ರಂದು 99ಕ್ಕೆ 105 ಮತಗಳಿಂದ ಸರ್ಕಾರ ಬಿದ್ದದ್ದು, ಹದಿನೇಳು ಶಾಸಕರು ಅನರ್ಹರಾದದ್ದು, ಅನರ್ಹತೆಯನ್ನು ಎತ್ತಿಹಿಡಿದ ನ್ಯಾಯಾಲಯವೇ ಉಪಚುನಾವಣೆಗೆ ನಿಲ್ಲಲು ಅವರಿಗೆ ಬಿಟ್ಟದ್ದು ಎಲ್ಲವೂ ಟಿವಿಯಲ್ಲಿ ಧಾರಾವಾಹಿಯಂತೆ ಬಂತು. ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿ ಸಿಕ್ಕೀತು? ತರಗತಿಯಲ್ಲಿ ಅದು ಎರಡು ಅಂಕದ ಪ್ರಶ್ನೆಯಾಗಿಯೇ ಉಳಿಯಿತು. ಕೇಂದ್ರದ ತೆರಿಗೆ ಪಾಲಿನಲ್ಲಿ ಕರ್ನಾಟಕದ ಹಿಸ್ಸೆ 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಅದು ಅನ್ಯಾಯವೋ, ಬಡ ರಾಜ್ಯಗಳಿಗೆ ಸಲ್ಲಬೇಕಾದ ನ್ಯಾಯವೋ? ಎರಡೂ ಕಡೆ ವಾದವಿದೆ. ವಾದ ಮಾಡಲು ಲೆಕ್ಕ ಗೊತ್ತಿರಬೇಕು. ಲೋಕಸಭೆಯ ಸೀಟು ಹಂಚಿಕೆಯನ್ನು 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ತಡೆದಿಟ್ಟಿತು. ಆ ಪ್ರಶ್ನೆ ಇತ್ಯರ್ಥವಾಗುವಾಗ ನಮ್ಮ 28 ಸ್ಥಾನಗಳ ತೂಕ ಏನಾದೀತು ಎಂಬುದನ್ನು ಅನುಭವಿಸುವವರು ಈಗ ಪಿಯುಸಿ ಬೆಂಚಿನಲ್ಲಿ ಕೂತಿರುವವರು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೂರು ಹಂತದ ಪಂಚಾಯತ್ ರಾಜ್ ವ್ಯವಸ್ಥೆಯನ್ನು ವಿವರಿಸಿ ಎಂದು ಐದು ಅಂಕಕ್ಕೆ ಬರೆಸುತ್ತಿರುವಾಗ ಮೇಲಿನ ಎರಡು ಹಂತ ಖಾಲಿ ಕುರ್ಚಿಗಳಾಗಿದ್ದವು. ಪಂಚಾಯಿತಿಗಳಿಗೆ ಅಧಿಕಾರ ಕೊಡಿಸಿದ ಅಬ್ದುಲ್ ನಜೀರ್ ಸಾಬರ ರಾಜ್ಯ ಇದು!

ಪಾಠ ಮಾಡಿದರೆ ರಾಜಕೀಯ ಬೆರೆಯುತ್ತದೆ ಎಂಬುದು ಉಪನ್ಯಾಸಕರ ಸಬೂಬು, ಪೋಷಕರ ಅಂಜಿಕೆ. ಒಂದು ಮಾತಿಗೆ ವಿಡಿಯೊ ಮಾಡುತ್ತಾರೆ, ದೂರು ಹೋಗುತ್ತದೆ, ಅಮಾನತಾಗುತ್ತದೆ ಎನ್ನುತ್ತಾರೆ. ಆ ಅಂಜಿಕೆ ಹುಟ್ಟಿಸಿದವರೂ ನಾವೇ. ಎನ್‌ಸಿಇಆರ್‌ಟಿಯ ರಾಜ್ಯಶಾಸ್ತ್ರ ಪುಸ್ತಕಗಳಲ್ಲಿದ್ದ, ಅಂಬೇಡ್ಕರ್ ಕುರಿತ ಶಂಕರ್ ಅವರ ಹಳೆಯ ವ್ಯಂಗ್ಯಚಿತ್ರದ ವಿಷಯದಲ್ಲಿ 2012ರಲ್ಲಿ ಸಂಸತ್ತಿನಲ್ಲಿ ಗದ್ದಲವೆದ್ದಿತು. ಸಲಹೆಗಾರರಾದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ರಾಜೀನಾಮೆ ಕೊಟ್ಟರು. 2020ರಲ್ಲಿ ಕೋವಿಡ್ ಹೊರೆ ತಗ್ಗಿಸುತ್ತೇವೆಂದು ಸಿಬಿಎಸ್‌ಇ ಆ ವರ್ಷದ ಮಟ್ಟಿಗೆ 11ನೇ ತರಗತಿಯ ಒಕ್ಕೂಟ ವ್ಯವಸ್ಥೆ, ಪೌರತ್ವ, ರಾಷ್ಟ್ರೀಯತೆ, ಜಾತ್ಯತೀತತೆಯ ಅಧ್ಯಾಯಗಳನ್ನು ಕೈಬಿಟ್ಟಿತು. ಆಮೇಲಿನ 'ಪರಿಷ್ಕರಣೆ'ಯಲ್ಲಿ 12ನೇ ತರಗತಿಯಿಂದ ಶೀತಲ ಸಮರ, ಜನಾಂದೋಲನಗಳ ಅಧ್ಯಾಯಗಳು ಹೋದವು. 2023ರಲ್ಲಿ ಅದೇ ಇಬ್ಬರು ವಿದ್ವಾಂಸರು ತಮ್ಮ ಹೆಸರು ತೆಗೆಯಿರಿ ಎಂದು ಕೇಳುವ ಸ್ಥಿತಿ ಬಂತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಒಂದು ಸರ್ಕಾರ ಶಾಲಾ ಪಠ್ಯ ತಿದ್ದಿತು, ಮರುವರ್ಷ ಇನ್ನೊಂದು ಸರ್ಕಾರ ತಿದ್ದಿದ್ದನ್ನು ತಿದ್ದಿತು. ಯಾರ ಪಾಠ ಇರಬೇಕು, ಯಾರದು ಹೋಗಬೇಕು ಎಂದು ನಾವು ಬೀದಿಯಲ್ಲಿ ಗಂಟಲು ಹರಿದುಕೊಂಡೆವು. ಇದ್ದ ಪಾಠವನ್ನಾದರೂ ಯಾರು ಹೇಗೆ ಹೇಳಿಕೊಡುತ್ತಿದ್ದಾರೆ ಎಂದು ನೋಡಲು ಆ ಜಗಳಗಂಟರಲ್ಲಿ ಒಬ್ಬರೂ ತರಗತಿಯ ಬಾಗಿಲಿಗೆ ಬರಲಿಲ್ಲ.

ಪಕ್ಷಪಾತವಿಲ್ಲದೆ ರಾಜಕೀಯ ಕಲಿಸುವುದು ಹೇಗೆಂದು ಜಗತ್ತಿಗೆ ಗೊತ್ತಿಲ್ಲವೇನಲ್ಲ. ಹಿಟ್ಲರನನ್ನು ಕಂಡ ಜರ್ಮನಿ 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಮೂರು ಕಟ್ಟಳೆ ಕಂಡುಕೊಂಡಿತು: ಮೇಷ್ಟರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು, ಸಮಾಜದಲ್ಲಿ ವಿವಾದವಾಗಿರುವುದನ್ನು ತರಗತಿಯಲ್ಲೂ ವಿವಾದವಾಗಿಯೇ ಇಡಬೇಕು, ಅದರಲ್ಲಿ ತನ್ನ ಹಿತ ಎಲ್ಲಿದೆಯೆಂದು ವಿದ್ಯಾರ್ಥಿಯೇ ತೂಗಿ ನೋಡುವಂತಾಗಬೇಕು. ಇಷ್ಟೇ. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಡ, ಅನುದಾನ ಬೇಡ.

ನಾವು ತರಗತಿಯಿಂದ ಹೊರಗಿಟ್ಟ ರಾಜಕೀಯ ಮಕ್ಕಳನ್ನು ಬಿಟ್ಟು ದೂರ ಹೋಯಿತೆಂದು ನಂಬುವವರು 2022ರ ಫೆಬ್ರುವರಿಯನ್ನು ನೆನೆಯಲಿ. ಉಡುಪಿಯ ಪಿಯು ಕಾಲೇಜೊಂದರಲ್ಲಿ ಶುರುವಾದ ಹಿಜಾಬ್ ವಿವಾದ ರಾಜ್ಯವನ್ನೆಲ್ಲ ಸುತ್ತಿತು. ಗೇಟಿನ ಒಂದು ಕಡೆ ಹಿಜಾಬ್ ತೊಟ್ಟ ಹುಡುಗಿಯರು, ಇನ್ನೊಂದು ಕಡೆ ಕೇಸರಿ ಶಾಲು ಹೊದ್ದ ಹುಡುಗರು. ಹಿಂದಿನ ವಾರದವರೆಗೆ ಒಂದೇ ಪ್ರಯೋಗಾಲಯದಲ್ಲಿ ಟೈಟ್ರೇಷನ್ ಮಾಡುತ್ತಿದ್ದವರು. ಸರ್ಕಾರ ಕಾಲೇಜುಗಳಿಗೆ ರಜೆ ಕೊಟ್ಟಿತು. ಹೈಕೋರ್ಟು ಮಾರ್ಚ್‌ನಲ್ಲಿ ತೀರ್ಪು ನೀಡಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಎರಡು ಅಭಿಪ್ರಾಯಕ್ಕೆ ಬಂದರು. ದೇಶದ ಅತ್ಯುನ್ನತ ಪೀಠಕ್ಕೂ ಒಮ್ಮತಕ್ಕೆ ಬರಲಾಗದ ಪ್ರಶ್ನೆಯನ್ನು ಹದಿನೇಳರ ಮಕ್ಕಳ ಕೈಗೆ ಕೊಟ್ಟು, ಧಾರ್ಮಿಕ ಸ್ವಾತಂತ್ರ್ಯದ 25ನೇ ವಿಧಿಯನ್ನು ಒಮ್ಮೆಯೂ ಜೊತೆಗೆ ಕೂರಿಸಿ ಓದಿಸದೆ, ಘೋಷಣೆಗಳನ್ನು ಮಾತ್ರ ಒದಗಿಸಿದೆವು. ಅವರಿಗೆ ಅವು ಸಿಕ್ಕಿದ್ದು ಪಠ್ಯದಿಂದಲ್ಲ. ನಾವು 'ಓದಿಗೆ ಬೇಕು' ಎಂದು ಕೊಡಿಸಿದ ಮೊಬೈಲಿನ ವಾಟ್ಸ್‌ಆ್ಯಪ್ ಗುಂಪುಗಳಿಂದ. ಅದರಲ್ಲಿ ಎಷ್ಟನ್ನೋ ಫಾರ್ವರ್ಡ್ ಮಾಡಿದ್ದು ಮನೆಯ ಫ್ಯಾಮಿಲಿ ಗ್ರೂಪಿನಲ್ಲಿದ್ದ ನಾವೇ.

ವಾರಕ್ಕೆ ಒಂದು ಗಂಟೆ ಸಾಕು. ಸೈನ್ಸ್, ಕಾಮರ್ಸ್, ಆರ್ಟ್ಸ್ ಎಲ್ಲರನ್ನೂ ಕೂರಿಸಿ, ಆ ವಾರದ ಎರಡು ಪತ್ರಿಕೆ, ಒಂದು ಭೂಪಟ, ಸಂವಿಧಾನದ ಒಂದು ಪ್ರತಿ ಎದುರಿಗಿಟ್ಟು ಮಾತಾಡಿಸುವುದು. ಅಂಕವಿಲ್ಲ, ನೋಟ್ಸ್ ಇಲ್ಲ. ಪಂಚಾಯಿತಿಯ ಮೇಲೆ ಪ್ರಾಜೆಕ್ಟ್ ಬರೆಯುವ ಮೊದಲು ಒಂದು ಗ್ರಾಮಸಭೆಗೆ ಕರೆದೊಯ್ಯುವುದು, ಊರಿನ ಚರಂಡಿ ಕಾಮಗಾರಿಯ ಬಿಲ್ಲನ್ನು ಓದಲು ಹೇಳಿಕೊಡುವುದು. ಇದರಲ್ಲಿ ಮಾಡಲಾಗದ್ದು ಯಾವುದೂ ಇಲ್ಲವೆಂದು ನಮಗೆಲ್ಲ ಗೊತ್ತು. ಇದನ್ನು ಮುಂದಿನ ಪೋಷಕರ ಸಭೆಯಲ್ಲಿ ಒಬ್ಬ ಉಪನ್ಯಾಸಕ ಎದ್ದುನಿಂತು ಹೇಳಲಿ ನೋಡೋಣ. ಹಿಂದಿನ ಸಾಲಿನಿಂದ ಮೊದಲು ಬರುವ ಪ್ರಶ್ನೆ ಇದೇ: 'ಸರ್, ಇದರಿಂದ ನೀಟ್‌ನಲ್ಲಿ ಎಷ್ಟು ಮಾರ್ಕ್ಸ್ ಬರುತ್ತೆ?' ಪ್ರಿನ್ಸಿಪಾಲರು ನಗುತ್ತಾರೆ, ನಾವೂ ನಗುತ್ತೇವೆ, ಸಭೆ ಮುಂದಿನ ವಿಷಯಕ್ಕೆ, ಅಂದರೆ ಕ್ರ್ಯಾಶ್ ಕೋರ್ಸಿನ ಶುಲ್ಕಕ್ಕೆ ಹೋಗುತ್ತದೆ.